ಜಾವಾ ಕಲಿತ ಮಕ್ಕಳಿಗೆ ಕ್ಲೋಜರ್: ಬೋಧನಾಭ್ಯಾಸದ ಮೂರು ಅವಧಿಗಳು

ಹಿನ್ನೆಲೆ

ಈ ಬಾರಿಯ ಬೋಧನಾಭ್ಯಾಸದಲ್ಲಿ ನನಗೆ ದೊರೆತದ್ದು ಐಸಿಎಸ್‌ಇ ಪಠ್ಯಕ್ರಮದ ಶಾಲೆಯೊಂದರ ಹತ್ತನೇ ತರಗತಿ, ವಿಷಯ ಕಂಪ್ಯೂಟರ್ ಅಪ್ಲಿಕೇಶನ್ಸ್. ಈ ಪಠ್ಯಕ್ರಮದಲ್ಲಿ ಮಕ್ಕಳು ಜಾವಾ ಭಾಷೆಯನ್ನು ಬ್ಲೂಜೆ ತಂತ್ರಾಂಶದಲ್ಲಿ ಕಲಿಯುತ್ತಾರೆ. ಕ್ಲಾಸ್, ಆಬ್ಜೆಕ್ಟ್, ಕನ್‌ಸ್ಟ್ರಕ್ಟರ್, ಅರೇ, ಸ್ಟ್ರಿಂಗ್, ಬಬಲ್ ಸಾರ್ಟ್ ಇವೆಲ್ಲ ಅವರಿಗೆ ಪರಿಚಿತ ಪದಗಳು.

ಅವಲೋಕನದ ವಾರದಲ್ಲಿ ಮಕ್ಕಳ ನೋಟ್‌ಬುಕ್‌ಗಳನ್ನು ತಿದ್ದುವಾಗ ಒಂದೇ ತಪ್ಪು ಮತ್ತೆ ಮತ್ತೆ ಕಂಡಿತು. ವಿದ್ಯಾರ್ಥಿಗಳ ಹೆಸರು ಒಂದು ಅರೇಯಲ್ಲಿ, ಅವರ ಅಂಕ ಇನ್ನೊಂದು ಅರೇಯಲ್ಲಿ ಇರುತ್ತವೆ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ, ಅಂಕಗಳೊಡನೆ ಮುದ್ರಿಸಬೇಕು. ಮಕ್ಕಳು ಬಬಲ್ ಸಾರ್ಟ್ ಬರೆದು ಹೆಸರುಗಳನ್ನು ಅದಲುಬದಲು ಮಾಡುತ್ತಾರೆ, ಆದರೆ ಅಂಕಗಳನ್ನು ಜೊತೆಗೆ ಅದಲುಬದಲು ಮಾಡಲು ಮರೆಯುತ್ತಾರೆ. ಪ್ರೋಗ್ರಾಂ ಓಡುತ್ತದೆ, ಹೆಸರುಗಳು ಸರಿಯಾಗಿ ಜೋಡಣೆಯಾಗುತ್ತವೆ, ಆದರೆ ಒಬ್ಬರ ಅಂಕ ಇನ್ನೊಬ್ಬರ ಹೆಸರಿನ ಮುಂದೆ ಬಂದಿರುತ್ತದೆ. ಎಲ್ಲಿಯೂ ದೋಷದ ಸೂಚನೆ ಬರುವುದಿಲ್ಲ.

ಈ ತಪ್ಪಿಗೆ ಕಾರಣ ಗಮನದ ಕೊರತೆ ಮಾತ್ರವಲ್ಲ ಎಂದು ನನಗನ್ನಿಸಿತು. ಮಾಹಿತಿಯನ್ನು ಇದ್ದ ಜಾಗದಲ್ಲೇ ಅಳಿಸಿ ಬರೆಯುವುದು ಎಂದರೇನು, ಇದ್ದದ್ದನ್ನು ಹಾಗೇ ಇಟ್ಟು ಹೊಸದನ್ನು ಪಡೆಯುವುದು ಎಂದರೇನು, ಈ ಎರಡರ ವ್ಯತ್ಯಾಸ ಅವರಿಗೆ ಎದ್ದು ಕಂಡಿರಲಿಲ್ಲ. ಅದನ್ನು ತೋರಿಸಲು ನಾನು ಕ್ಲೋಜರ್ ಎಂಬ ಭಾಷೆಯನ್ನು ಆರಿಸಿಕೊಂಡೆ. ವಿಷಯ ಶಿಕ್ಷಕಿಯವರು, "ಬೋರ್ಡ್ ಪರೀಕ್ಷೆಯಲ್ಲಿ ಇದು ಬರುವುದಿಲ್ಲವಲ್ಲ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಜಾವಾ ಅರೇಯ ಪಾಠವನ್ನೇ ಗಟ್ಟಿ ಮಾಡಲು ಇದನ್ನು ಬಳಸುತ್ತೇನೆ ಎಂದು ಒಪ್ಪಿಸಿ ಮೂರು ಅವಧಿ ಪಡೆದೆ.

ಕ್ಲೋಜರ್ ಯಾಕೆ?

ಕ್ಲೋಜರ್ ಭಾಷೆಯನ್ನು ರಿಚ್ ಹಿಕಿ ಅವರು 2007ರಲ್ಲಿ ಬಿಡುಗಡೆ ಮಾಡಿದರು. ಜಾನ್ ಮೆಕಾರ್ಥಿ 1958ರಲ್ಲಿ ರೂಪಿಸಲು ತೊಡಗಿದ ಲಿಸ್ಪ್ ಭಾಷೆಯ ವಂಶಕ್ಕೆ ಇದು ಸೇರಿದೆ. ಇದರಲ್ಲಿ ಫಂಕ್ಷನ್‌ಗೆ ಮೊದಲ ಸ್ಥಾನ. ಗಣಿತದಲ್ಲಿರುವಂತೆ ಒಂದು ಮೌಲ್ಯ ಒಳಗೆ ಹೋಗುತ್ತದೆ, ಇನ್ನೊಂದು ಮೌಲ್ಯ ಹೊರಗೆ ಬರುತ್ತದೆ, ಒಳಗೆ ಹೋದದ್ದು ಹಾಗೇ ಉಳಿಯುತ್ತದೆ.

ಆದರೆ ಕ್ಲೋಜರ್ ತನ್ನದೇ ಯಂತ್ರವನ್ನು ಕಟ್ಟಿಕೊಂಡಿಲ್ಲ. 1995ರಲ್ಲಿ ಬಂದ ಜಾವಾದ ವರ್ಚುವಲ್ ಮಷಿನ್ ಮೇಲೆಯೇ ಅದು ಓಡುತ್ತದೆ. ಜಾವಾದ ಸ್ಟ್ರಿಂಗ್ ಇದಕ್ಕೂ ಸ್ಟ್ರಿಂಗ್. ಜಾವಾದಲ್ಲಿ ಬರೆದ ಕ್ಲಾಸನ್ನು ಇಲ್ಲಿಂದ ನೇರವಾಗಿ ಕರೆಯಬಹುದು. ಹೀಗಾಗಿ ಲ್ಯಾಬಿನಲ್ಲಿ ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡುವ ಅಗತ್ಯ ಬೀಳಲಿಲ್ಲ. ಕ್ಲೋಜರ್, ಅದಕ್ಕೆ ಬೇಕಾದ ಸ್ಪೆಕ್ ಆಲ್ಫಾ ಮತ್ತು ಕೋರ್ ಸ್ಪೆಕ್ಸ್ ಆಲ್ಫಾ ಎಂಬ ಮೂರು ಜಾರ್ ಫೈಲುಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ದೆ. ಜಾವಾ ಆಗಲೇ ಇತ್ತು. ಮೂರು ಫೈಲುಗಳ ಜೊತೆಗೆ ಮಕ್ಕಳ ಬ್ಲೂಜೆ ಫೋಲ್ಡರನ್ನೂ ಕ್ಲಾಸ್‌ಪಾತ್‌ಗೆ ಸೇರಿಸಿದಾಗ, ಅವರೇ ಬರೆದ ಕ್ಲಾಸ್ ಕ್ಲೋಜರ್‌ನೊಳಗಿಂದ ಸಿಕ್ಕಿತು.

ಇನ್ನೊಂದು ಅನುಕೂಲವೆಂದರೆ ಸಾಲು ಬರೆದ ಕೂಡಲೇ ಉತ್ತರ ಬರುತ್ತದೆ. ಕ್ಲಾಸ್ ಬರೆದು, ಮೇನ್ ಮೆಥಡ್ ಬರೆದು, ಕಂಪೈಲ್ ಮಾಡಿ ಕಾಯಬೇಕಿಲ್ಲ. 40 ನಿಮಿಷದ ಅವಧಿಯಲ್ಲಿ ಇದು ಸಣ್ಣ ಲಾಭವಲ್ಲ.

(ಮನೆಯಲ್ಲಿ ಫಂಕ್ಷನ್‌ಗಳಿಗೆ ಕನ್ನಡ ಹೆಸರನ್ನೇ ಕೊಟ್ಟು ನೋಡಿದ್ದೆ, ಕ್ಲೋಜರ್ ಒಪ್ಪಿಕೊಂಡಿತು. ಲ್ಯಾಬಿನ ಕಪ್ಪು ಕಿಟಕಿಯಲ್ಲಿ ಕನ್ನಡ ಅಕ್ಷರಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಬಂದವು. ಹಾಗಾಗಿ ತರಗತಿಯಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿದೆವು. ಇಲ್ಲಿ ಓದುವ ಅನುಕೂಲಕ್ಕಾಗಿ ಎಲ್ಲ ಸಾಲುಗಳನ್ನೂ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ.)

ಕಲಿಕಾ ಉದ್ದೇಶಗಳು

1. ಇದ್ದ ಮಾಹಿತಿಯನ್ನು ಬದಲಾಯಿಸುವ ಕ್ರಿಯೆ ಮತ್ತು ಹೊಸ ಮಾಹಿತಿಯನ್ನು ಕೊಡುವ ಕ್ರಿಯೆ, ಇವುಗಳ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ಹೇಳುವರು.
2. ಲೂಪ್ ಇಲ್ಲದೆ ಒಂದು ಪಟ್ಟಿಯನ್ನು ಸೋಸುವ, ಕೂಡಿಸುವ ಸಾಲುಗಳನ್ನು ಬರೆಯುವರು.
3. ತಾವು ಬರೆದ ಜಾವಾ ಕ್ಲಾಸನ್ನು ಕ್ಲೋಜರ್‌ನಿಂದ ಬಳಸುವರು.
4. ಒಂದು ಸಾಲು ಓಡುವ ಮೊದಲೇ ಮೂಲ ಪಟ್ಟಿ ಬದಲಾಗುವುದೋ ಇಲ್ಲವೋ ಎಂದು ಊಹಿಸಿ ಕಾರಣ ಕೊಡುವರು.

ನಾಲ್ಕನೆಯ ಉದ್ದೇಶ ನನ್ನ ಮೊದಲ ಪಾಠಯೋಜನೆಯಲ್ಲಿ ಇರಲಿಲ್ಲ. ಅದು ಹೇಗೆ ಸೇರಿತು ಎಂಬುದೇ ಈ ಲೇಖನದ ಮುಖ್ಯ ಭಾಗ.

ಮೊದಲ ಅವಧಿ

ತೊಡಗಿಸಿಕೊಳ್ಳುವಿಕೆಯ ಹಂತಕ್ಕೆ ಒಂದು ಸರಳ ಭಾಗಾಕಾರ ಇಟ್ಟುಕೊಂಡೆ. ಮೂರು ಅಂಕಗಳು 62, 48, 75. ಮೊತ್ತ 185. ಇದನ್ನು 3ರಿಂದ ಭಾಗಿಸಿದರೆ ಜಾವಾದಲ್ಲಿ, ಎರಡೂ ಪೂರ್ಣಾಂಕಗಳಾದ್ದರಿಂದ, 61 ಬರುತ್ತದೆ. ಮಕ್ಕಳಿಗೆ ಇದು ಗೊತ್ತು. ನಂತರ ಕ್ಲೋಜರ್‌ನಲ್ಲಿ ಬರೆದೆ:

(/ 185 3)

ಉತ್ತರ: 185/3. ತರಗತಿಯಲ್ಲಿ ನಗು. "ಮಿಸ್, ಅದು ಲೆಕ್ಕವನ್ನೇ ಮಾಡಿಲ್ಲ, ನಮ್ಮದನ್ನೇ ವಾಪಸ್ ಕೊಟ್ಟಿದೆ" ಎಂದನೊಬ್ಬ. ಹಾಗಾದರೆ (+ 1/3 1/6) ಕೊಡೋಣ ಎಂದೆ. 1/2 ಬಂತು. ಅದು ಭಿನ್ನರಾಶಿಯನ್ನು ಭಿನ್ನರಾಶಿಯಾಗಿಯೇ ಇಟ್ಟುಕೊಳ್ಳುತ್ತದೆ ಎಂದು ಅವರೇ ಹೇಳಿದರು.

ಚಿಹ್ನೆ ಮೊದಲು, ಸಂಖ್ಯೆ ಆಮೇಲೆ ಎಂಬ ಬರವಣಿಗೆ ಹತ್ತು ನಿಮಿಷದಲ್ಲಿ ರೂಢಿಯಾಯಿತು. ತೊಂದರೆ ಕೊಟ್ಟದ್ದು ಆವರಣ. ಕೊನೆಯ ಆವರಣ ಮುಚ್ಚದಿದ್ದರೆ ಯಂತ್ರ ಏನೂ ಹೇಳದೆ ಕಾಯುತ್ತ ಕೂರುತ್ತದೆ. ಮಕ್ಕಳು "ಹ್ಯಾಂಗ್ ಆಯ್ತು" ಎಂದು ಕೈ ಎತ್ತುತ್ತಿದ್ದರು. ತೆರೆದ ಆವರಣ ಎಷ್ಟು, ಮುಚ್ಚಿದ್ದು ಎಷ್ಟು ಎಂದು ಪಕ್ಕದವರು ಎಣಿಸಿ ಹೇಳಬೇಕೆಂದು ನಿಯಮ ಮಾಡಿದ ಮೇಲೆ ನನ್ನ ಓಡಾಟ ಕಡಿಮೆಯಾಯಿತು.

ಬದಲಾಗದ ಪಟ್ಟಿಯನ್ನು ಪರಿಚಯಿಸಲು ಶಾಲೆಯ ಅಂಕವಹಿಯನ್ನು ಬಳಸಿಕೊಂಡೆ. ಅಂಕವಹಿಯಲ್ಲಿ ತಪ್ಪಾದರೆ ಶಿಕ್ಷಕರು ಅಳಿಸಿ ಬರೆಯುವುದಿಲ್ಲ. ಹಳೆಯದು ಕಾಣುವಂತೆ ಒಂದು ಗೆರೆ ಎಳೆದು, ಹೊಸದನ್ನು ಬರೆದು ಸಹಿ ಮಾಡುತ್ತಾರೆ. ಕ್ಲೋಜರ್‌ನ ವೆಕ್ಟರ್ ಕೂಡ ಹಾಗೆಯೇ, ಅದರಲ್ಲಿ ಅಳಿಸುವ ಅವಕಾಶವಿಲ್ಲ. ಚೌಕಾವರಣದಲ್ಲಿ [62 48 75 39] ಎಂದು ಬರೆದು ಅದಕ್ಕೆ ಅಂಕಗಳು ಎಂದು ಹೆಸರಿಟ್ಟೆವು.

(ಸಾರ್ಟ್ ಅಂಕಗಳು) ಎಂದರೆ (39 48 62 75) ಬಂತು. ಅಂಕಗಳು ಎಂದು ಮತ್ತೆ ಕೇಳಿದರೆ [62 48 75 39] ಹಾಗೇ ಇತ್ತು.

(ಫಿಲ್ಟರ್ ಐವತ್ತು-ಮೀರಿತೇ? ಅಂಕಗಳು) ಎಂದರೆ (62 75) ಬಂತು. ಮೂಲ ಪಟ್ಟಿ ಆಗಲೂ ಹಾಗೇ ಇತ್ತು.

ಕಪ್ಪುಹಲಗೆಯ ಸಾರಾಂಶದಲ್ಲಿ ದೊಡ್ಡಕ್ಷರದಲ್ಲಿ ಬರೆದೆ: "ಕ್ಲೋಜರ್‌ನಲ್ಲಿ ಸಾರ್ಟ್ ಮಾಡಿದರೆ ಮೂಲ ಪಟ್ಟಿ ಬದಲಾಗುವುದಿಲ್ಲ." ಮಕ್ಕಳು ನೋಟ್‌ಬುಕ್‌ಗೆ ಇಳಿಸಿಕೊಂಡರು. ನನ್ನ ತಪ್ಪು ಇಲ್ಲಿಯೇ ಆಗಿತ್ತು, ಆದರೆ ಆ ದಿನ ಗೊತ್ತಾಗಲಿಲ್ಲ.

ಎರಡನೇ ಅವಧಿ

ಈ ಅವಧಿಗೆ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಮಕ್ಕಳು ಜಾವಾದಲ್ಲಿ ಬರೆದ ಕ್ಲಾಸನ್ನೇ ಕ್ಲೋಜರ್‌ನಿಂದ ಬಳಸುವುದು ಅಂದಿನ ಕೆಲಸ. ಕ್ಲಾಸ್‌ನಲ್ಲಿ ಎರಡು ಅರೇಗಳಿದ್ದವು, ಮಾದರಿಗಾಗಿ ಕಲ್ಪಿತ ಹೆಸರುಗಳು:

ಹೆಸರುಗಳು: ಸುಮಾ, ಮಂಜು, ಅನಿತಾ, ಕಿರಣ್
ಅಂಕಗಳು: 62, 48, 75, 39

ಹೆಸರು ಮತ್ತು ಅಂಕವನ್ನು ಜೋಡಿಸಿ ತೋರಿಸುವ ಸಾಲು ಒಂದೇ: (ಮ್ಯಾಪ್ ವೆಕ್ಟರ್ ಹೆಸರುಗಳು ಅಂಕಗಳು). ಸುಮಾ 62, ಮಂಜು 48, ಅನಿತಾ 75, ಕಿರಣ್ 39 ಎಂದು ಜೋಡಿಗಳು ಬಂದವು. ತಮ್ಮ ಜಾವಾ ಕ್ಲಾಸ್ ಇನ್ನೊಂದು ಭಾಷೆಯೊಳಗೆ ಉತ್ತರ ಕೊಟ್ಟದ್ದು ಮಕ್ಕಳಿಗೆ ಖುಷಿಯಾಯಿತು.

ನಂತರ ಅಂಕಗಳ ಅರೇಯನ್ನು ಸಾರ್ಟ್ ಮಾಡಿಸಿದೆ. ಮೂಲ ಬದಲಾಗಲಿಲ್ಲ. ಇಷ್ಟನ್ನು ನಾನು ಮನೆಯಲ್ಲಿ ಪರೀಕ್ಷಿಸಿಕೊಂಡೇ ಬಂದಿದ್ದೆ. "ನೋಡಿ, ಜಾವಾದ ಅರೇ ಆದರೂ ಸುರಕ್ಷಿತ" ಎಂದೆ.

ಮೂರನೇ ಸಾಲಿನ ಹುಡುಗಿಯೊಬ್ಬಳು ಹೇಳದೆಯೇ ಹೆಸರುಗಳನ್ನೂ ಸಾರ್ಟ್ ಮಾಡಿದ್ದಳು. ಆಮೇಲೆ ಜೋಡಿಗಳ ಸಾಲನ್ನು ಮತ್ತೆ ಓಡಿಸಿದಳು. ಕೈ ಎತ್ತಿ, "ಮಿಸ್, ಸುಮಾಗೆ 62 ಇತ್ತು, ಈಗ 39 ಆಗಿದೆ. ಮಂಜುಗೆ 75 ಬಂದಿದೆ. ಮೂಲ ಬದಲಾಗಲ್ಲ ಅಂತ ನೀವೇ ಬರೆಸಿದ್ರಲ್ಲ?" ಎಂದಳು.

ಅವಳ ಪರದೆ ನೋಡಿದೆ. ಅನಿತಾ 62, ಕಿರಣ್ 48, ಮಂಜು 75, ಸುಮಾ 39. ನೋಟ್‌ಬುಕ್‌ಗಳಲ್ಲಿ ನಾನು ಕೆಂಪು ಶಾಯಿಯಿಂದ ಸುತ್ತು ಹಾಕಿದ್ದ ತಪ್ಪು, ಅದೇ ರೂಪದಲ್ಲಿ, ನನ್ನ ಪಾಠದಲ್ಲಿಯೇ ಬಂದಿತ್ತು. ನನಗೆ ಕಾರಣ ಗೊತ್ತಿರಲಿಲ್ಲ. "ಬಹುಶಃ ಬೇರೆ ಏನೋ ಟೈಪ್ ಮಾಡಿರಬೇಕು, ಆಮೇಲೆ ನೋಡೋಣ" ಎಂದು ಮುಂದಿನ ಹಂತಕ್ಕೆ ಹೋದೆ. ಹುಡುಗಿ ಸುಮ್ಮನೆ ಕುಳಿತಳು. ಅವಳು ಏನನ್ನೂ ತಪ್ಪಾಗಿ ಟೈಪ್ ಮಾಡಿರಲಿಲ್ಲ.

ಮಾರ್ಗದರ್ಶಕರೊಡನೆ ಚರ್ಚೆ

ಪಾಠದ ನಂತರ ಮಾರ್ಗದರ್ಶಕರು ಹೇಳಿದ್ದು ಎರಡೇ ಮಾತು. "ಮಗುವಿನ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ತಪ್ಪನ್ನು ಮಗುವಿನ ಮೇಲೆ ಹಾಕಬೇಡಿ." ಎರಡನೆಯದು: "ನೀವು ನಿಯಮ ಹೇಳಿದಿರಿ, ಅದು ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂದು ಹೇಳಲಿಲ್ಲ."

ಆ ಸಂಜೆ ಕಾರಣ ಹುಡುಕಿದೆ. ದೂರ ಹೋಗಬೇಕಾಗಿರಲಿಲ್ಲ. ಕ್ಲೋಜರ್‌ನಲ್ಲಿ (ಡಾಕ್ ಸಾರ್ಟ್) ಎಂದು ಕೇಳಿದರೆ ಆ ಫಂಕ್ಷನ್‌ನ ವಿವರಣೆ ಪರದೆಯ ಮೇಲೆ ಬರುತ್ತದೆ. ಕೊಟ್ಟದ್ದು ಜಾವಾ ಅರೇ ಆಗಿದ್ದರೆ ಅದು ಬದಲಾಗುತ್ತದೆ, ಬೇಡವೆಂದರೆ ಪ್ರತಿಯನ್ನು ಸಾರ್ಟ್ ಮಾಡಿ ಎಂದು ಅಲ್ಲಿಯೇ ಎಚ್ಚರಿಕೆ ಇದೆ. ನಾನು ಓದಿರಲಿಲ್ಲ.

ಹಾಗಾದರೆ ಅಂಕಗಳ ಅರೇ ಯಾಕೆ ಬದಲಾಗಲಿಲ್ಲ? ಇದು ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ. ಕ್ಲೋಜರ್‌ನ ಸಾರ್ಟ್ ತಾನೇ ಜೋಡಿಸುವುದಿಲ್ಲ. ಕೊಟ್ಟ ಪಟ್ಟಿಯನ್ನು ಆಬ್ಜೆಕ್ಟ್‌ಗಳ ಅರೇಯಾಗಿ ಮಾಡಿಕೊಂಡು, ಜಾವಾದ ಅರೇಸ್ ಎಂಬ ಕ್ಲಾಸ್‌ನಲ್ಲಿರುವ ಸಾರ್ಟ್ ಮೆಥಡ್‌ಗೆ ಒಪ್ಪಿಸುತ್ತದೆ. ಆ ಮೆಥಡ್ ಇದ್ದ ಜಾಗದಲ್ಲೇ ಜೋಡಿಸುತ್ತದೆ. ಕೊಟ್ಟದ್ದು ವೆಕ್ಟರ್ ಆಗಿದ್ದರೆ ಹೊಸ ಅರೇ ತಯಾರಾಗುತ್ತದೆ. ಇಂಟ್ ಅರೇ ಆಗಿದ್ದರೆ ಅದರಲ್ಲಿರುವುದು ಬರೀ ಸಂಖ್ಯೆಗಳು, ಆಬ್ಜೆಕ್ಟ್‌ಗಳಲ್ಲ. ಹಾಗಾಗಿ ಪ್ರತಿ ಸಂಖ್ಯೆಯನ್ನೂ ಇಂಟೀಜರ್ ಆಬ್ಜೆಕ್ಟ್ ಆಗಿ ಸುತ್ತಿ ಹೊಸ ಅರೇಗೆ ತುಂಬಬೇಕಾಗುತ್ತದೆ. ಈ ಎರಡೂ ಸಂದರ್ಭದಲ್ಲಿ ಜೋಡಣೆಯಾಗುವುದು ಪ್ರತಿ, ಮೂಲವಲ್ಲ. ಆದರೆ ಸ್ಟ್ರಿಂಗ್ ಅರೇ ಆಗಲೇ ಆಬ್ಜೆಕ್ಟ್‌ಗಳ ಅರೇ. ಹೊಸದನ್ನು ಮಾಡುವ ಅಗತ್ಯವೇ ಇಲ್ಲವೆಂದು ಅದನ್ನೇ ಜಾವಾಕ್ಕೆ ಕೊಡಲಾಗುತ್ತದೆ, ಮಕ್ಕಳ ಹೆಸರುಗಳು ಇದ್ದಲ್ಲೇ ಸ್ಥಾನ ಬದಲಿಸುತ್ತವೆ.

ಮೂಲವನ್ನು ಬದಲಿಸುವುದಿಲ್ಲ ಎಂಬುದು ಕ್ಲೋಜರ್ ತನ್ನದೇ ಪಟ್ಟಿಗಳ ಬಗ್ಗೆ ಕೊಟ್ಟ ಮಾತು. ಜಾವಾದಿಂದ ಬಂದ ಅರೇಯ ಬಗ್ಗೆ ಅದು ಆ ಮಾತು ಕೊಟ್ಟಿಲ್ಲ. ಬೇರೊಂದರ ವೇದಿಕೆಯ ಮೇಲೆ ನಿಂತ ಭಾಷೆಗೆ ಆ ವೇದಿಕೆಯ ಅನುಕೂಲವೂ ಸಿಗುತ್ತದೆ, ಅದರ ಸ್ವಭಾವವೂ ಅಂಟುತ್ತದೆ. ಅನುಕೂಲವನ್ನು ಮಾತ್ರ ತೋರಿಸಿ ನಾನು ಅರ್ಧ ಪಾಠ ಮಾಡಿದ್ದೆ.

ಮೂರನೇ ಅವಧಿ

ತರಗತಿಗೆ ಹೋದ ಕೂಡಲೇ ಆ ಹುಡುಗಿಯನ್ನು ಮುಂದೆ ಕರೆದು, "ನಿನ್ನೆ ನೀನು ಮಾಡಿದ್ದು ಸರಿ, ನಾನು ಬರೆಸಿದ ವಾಕ್ಯ ತಪ್ಪು. ಎಲ್ಲರಿಗೂ ಮತ್ತೊಮ್ಮೆ ಮಾಡಿ ತೋರಿಸು" ಎಂದೆ. ಅವಳು ಮಾಡಿದಳು. ಎಲ್ಲರೂ ಮೊದಲ ದಿನದ ಸಾರಾಂಶದ ಮೇಲೆ ಒಂದು ಗೆರೆ ಎಳೆದರು, ಅಂಕವಹಿಯಲ್ಲಿ ಎಳೆಯುವ ಹಾಗೆಯೇ, ಹಳೆಯ ವಾಕ್ಯ ಓದಲು ಬರುವಂತೆ. ಪಕ್ಕದಲ್ಲಿ ನಾನು ಸಹಿ ಮಾಡಿದೆ. ಇದು ಯೋಜನೆಯಲ್ಲಿ ಇರಲಿಲ್ಲ. ಒಬ್ಬ ಹುಡುಗ ತಮಾಷೆಗೆ ಸಹಿ ಕೇಳಿದ, ಆಮೇಲೆ ಎಲ್ಲರೂ ಕೇಳಿದರು.

ಅನ್ವೇಷಣೆಯ ಹಂತದಲ್ಲಿ ಗುಂಪುಗಳಿಗೆ ಮೂರು ಪಟ್ಟಿಗಳನ್ನು ಕೊಟ್ಟೆ: ಕ್ಲೋಜರ್ ವೆಕ್ಟರ್, ಜಾವಾ ಇಂಟ್ ಅರೇ, ಜಾವಾ ಸ್ಟ್ರಿಂಗ್ ಅರೇ. ಸಾರ್ಟ್ ಮಾಡುವ ಮೊದಲು ಊಹೆ ಬರೆಯಬೇಕು, ಆಮೇಲೆ ಓಡಿಸಬೇಕು, ವ್ಯತ್ಯಾಸವಿದ್ದರೆ ಕಾರಣ ಹುಡುಕಬೇಕು. ಇಂಟ್ ಅರೇಯ ವಿಷಯದಲ್ಲಿ ಎಲ್ಲ ಗುಂಪುಗಳೂ ನಿಂತವು. "ಇಂಟ್‌ಗೂ ಇಂಟೀಜರ್‌ಗೂ ಏನು ವ್ಯತ್ಯಾಸ?" ಎಂದು ಸುಳಿವು ಕೊಟ್ಟೆ. ರ‍್ಯಾಪರ್ ಕ್ಲಾಸ್ ಅವರ ಪಠ್ಯದಲ್ಲಿದೆ. ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ್ದ ಮಕ್ಕಳಿಗೆ ಆಟೋಬಾಕ್ಸಿಂಗ್‌ನಿಂದ ಏನಾಗುತ್ತದೆ ಎಂಬುದು ಕಣ್ಣಿಗೆ ಕಂಡದ್ದು ಅಂದು.

ಪ್ರತಿ ಮಾಡಿಕೊಳ್ಳುವ ದಾರಿಯನ್ನೂ ಹುಡುಕಿದೆವು. ವೆಕ್ ಎಂಬ ಫಂಕ್ಷನ್ ಅರೇಯನ್ನು ವೆಕ್ಟರ್ ಮಾಡಿಕೊಡುತ್ತದೆ, ಅದನ್ನೇ ಹೇಳಿಕೊಡೋಣವೆಂದು ನಾನು ಹೊರಟಿದ್ದೆ. ಈ ಬಾರಿ ಮೊದಲು ವಿವರಣೆ ಓದಿದೆ. ವೆಕ್‌ಗೆ ಜಾವಾ ಅರೇ ಕೊಟ್ಟರೆ ಹೊಸ ವೆಕ್ಟರ್ ಅದೇ ಅರೇಯನ್ನು ಹಂಚಿಕೊಳ್ಳಬಹುದು, ಆಮೇಲೆ ಅರೇಯನ್ನು ಬದಲಿಸಬಾರದು ಎಂದು ಅಲ್ಲಿಯೂ ಎಚ್ಚರಿಕೆ ಇದೆ. ಖಾಲಿ ವೆಕ್ಟರ್‌ಗೆ ಒಂದೊಂದಾಗಿ ಸುರಿಯುವ (ಇಂಟು [] ಹೆಸರುಗಳು) ಎಂಬ ಸಾಲು ನಿಜವಾದ ಪ್ರತಿ ಕೊಡುತ್ತದೆ. ಅದನ್ನು ಬಳಸಿದೆವು.

ವಿಸ್ತರಣೆಯಲ್ಲಿ ತಿರುಗಿಸಿ ನೋಡಿದೆವು. ಕ್ಲೋಜರ್‌ನ ವೆಕ್ಟರನ್ನು ಜಾವಾದ ಕಲೆಕ್ಷನ್ಸ್ ಕ್ಲಾಸ್‌ನ ಸಾರ್ಟ್ ಮೆಥಡ್‌ಗೆ ಕೊಟ್ಟರೆ? ಜಾವಾ ಅದನ್ನು ಲಿಸ್ಟ್ ಎಂದೇ ಸ್ವೀಕರಿಸುತ್ತದೆ, ಆದರೆ ಬದಲಾಯಿಸಲು ಹೋದಾಗ ಅನ್‌ಸಪೋರ್ಟೆಡ್ ಆಪರೇಷನ್ ಎಂಬ ಎಕ್ಸೆಪ್ಷನ್ ಬರುತ್ತದೆ. "ಅರೇ ಸುಮ್ಮನೆ ಬದಲಾಯ್ತು, ಇದು ಕೂಗಿ ಹೇಳ್ತು" ಎಂದ ಒಬ್ಬ ವಿದ್ಯಾರ್ಥಿ. ನಾನು ಇದಕ್ಕಿಂತ ಚೆನ್ನಾಗಿ ಹೇಳುತ್ತಿರಲಿಲ್ಲ.

ಕೊನೆಗೆ ಮೂಲ ಸಮಸ್ಯೆಗೆ ಬಂದೆವು. ಹೆಸರು ಮತ್ತು ಅಂಕಗಳನ್ನು ಮೊದಲು ಜೋಡಿ ಮಾಡಿ, ಜೋಡಿಗಳನ್ನೇ ಹೆಸರಿನ ಪ್ರಕಾರ (ಸಾರ್ಟ್-ಬೈ ಫಸ್ಟ್ ಜೋಡಿಗಳು) ಎಂದು ಜೋಡಿಸಿದರೆ ಅನಿತಾ 75, ಕಿರಣ್ 39, ಮಂಜು 48, ಸುಮಾ 62. ಯಾರ ಅಂಕವೂ ಬದಲಾಗಲಿಲ್ಲ. ಆಗ ಹಿಂದಿನಿಂದ ಒಂದು ದನಿ: "ಮಿಸ್, ಜಾವಾದಲ್ಲೂ ವಿದ್ಯಾರ್ಥಿ ಅಂತ ಒಂದು ಕ್ಲಾಸ್ ಮಾಡಿ ಹೆಸರು, ಅಂಕ ಎರಡೂ ಒಳಗಿಟ್ರೆ ಇದೇ ಆಗುತ್ತಲ್ಲ?" ಹೌದು. ಒಟ್ಟಿಗೆ ಇರಬೇಕಾದ್ದನ್ನು ಒಟ್ಟಿಗೆ ಇಡಬೇಕು ಎಂಬುದೇ ಎರಡೂ ದಾರಿಗಳ ಉತ್ತರ. ಬೇರೆ ಭಾಷೆಯ ಪಾಠದ ಕೊನೆಗೆ ಮಕ್ಕಳು ಆಬ್ಜೆಕ್ಟ್ ಯಾಕೆ ಬೇಕು ಎಂದು ತಾವೇ ಹೇಳಿದರು. ವಿಷಯ ಶಿಕ್ಷಕಿಯವರಿಗೆ ನಾನು ಕೊಟ್ಟ ಮಾತು ಅಲ್ಲಿಗೆ ಉಳಿಯಿತು.

ಮೌಲ್ಯಮಾಪನ

ಹತ್ತು ನಿಮಿಷದ ಕಿರುಪರೀಕ್ಷೆಯಲ್ಲಿ ಪ್ರೋಗ್ರಾಂ ಬರೆಯಲು ಹೇಳಲಿಲ್ಲ. ನಾಲ್ಕು ಸಾಲುಗಳನ್ನು ಕೊಟ್ಟು, ಮೂಲ ಬದಲಾಗುವುದೇ ಎಂದು ಊಹಿಸಿ ಒಂದು ವಾಕ್ಯದಲ್ಲಿ ಕಾರಣ ಬರೆಯಿರಿ ಎಂದೆ. ಒಂದು ಪ್ರಶ್ನೆ ಜಾವಾ ಸ್ಟ್ರಿಂಗ್ ಅನ್ನು ದೊಡ್ಡಕ್ಷರಕ್ಕೆ ಬದಲಿಸುವುದರ ಬಗ್ಗೆ ಇತ್ತು. ಜಾವಾದ್ದಾದರೂ ಸ್ಟ್ರಿಂಗ್ ಬದಲಾಗುವುದಿಲ್ಲ, ಹೊಸದು ಬರುತ್ತದೆ. ಇದರಲ್ಲಿ ಹಲವರು ಎಡವಿದರು: ಜಾವಾ ಎಂದರೆ ಬದಲಾಗುತ್ತದೆ, ಕ್ಲೋಜರ್ ಎಂದರೆ ಬದಲಾಗುವುದಿಲ್ಲ ಎಂಬ ಹೊಸ ತಪ್ಪು ನಿಯಮವನ್ನು ಮಾಡಿಕೊಂಡಿದ್ದರು. ಇನ್ನೊಂದು ಅವಧಿ ಸಿಕ್ಕಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

1. ಹೊಸ ಭಾಷೆಯನ್ನು ತರುವುದಾದರೆ ಮಕ್ಕಳು ಬರೆದ ಹಳೆಯ ಪ್ರೋಗ್ರಾಮಿನ ಮೇಲೆಯೇ ಓಡಿಸಿ. ಪೂರ್ವಜ್ಞಾನಕ್ಕೆ ಸೇರಿಕೊಳ್ಳದಿದ್ದರೆ ಅದು ಪ್ರದರ್ಶನವಾಗುತ್ತದೆ, ಪಾಠವಾಗುವುದಿಲ್ಲ.
2. ಪರೀಕ್ಷೆಯಲ್ಲಿ ಬಬಲ್ ಸಾರ್ಟ್ ಅನ್ನು ಲೂಪ್‌ನಿಂದಲೇ ಬರೆಯಬೇಕು ಎಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ.
3. ಮನೆಯಲ್ಲಿ ಪರೀಕ್ಷಿಸುವಾಗ ಒಂದೇ ಬಗೆಯ ಮಾಹಿತಿ ಸಾಲದು. ನಾನು ಸಂಖ್ಯೆಗಳನ್ನು ಮಾತ್ರ ಕೊಟ್ಟು ನೋಡಿದ್ದೆ, ಮಗು ಹೆಸರುಗಳನ್ನು ಕೊಟ್ಟಿತು.
4. ಫಂಕ್ಷನ್‌ನ ವಿವರಣೆಯನ್ನು ಬೋಧಿಸುವ ಮೊದಲು ಪೂರ್ತಿ ಓದಿ.
5. ಸಾರಾಂಶ ಬರೆಸುವಾಗ "ಯಾವಾಗಲೂ" ಎಂಬ ಅರ್ಥ ಬರುವ ವಾಕ್ಯದ ಮುಂದೆ, ಇದು ಎಲ್ಲಿ ಅನ್ವಯಿಸುವುದಿಲ್ಲ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಮುಕ್ತಾಯ

ನನ್ನ ವೀಕ್ಷಣಾ ಪುಸ್ತಕದಲ್ಲಿ ಎರಡನೇ ಅವಧಿಗೆ ಬಿದ್ದ ದರ್ಜೆ ಕಡಿಮೆ, ಅದು ಸರಿಯಾದದ್ದೇ. ಆ ಪಾಠದ ವಸ್ತು ತಪ್ಪಾಗಿತ್ತು ಎನ್ನುವುದಕ್ಕಿಂತ, ಸರಿಯಾಗಿ ನೋಡಿದ ಮಗುವನ್ನು ಒಂದು ದಿನ ತಪ್ಪೆಂದು ಕೂರಿಸಿದ್ದು ನನ್ನನ್ನು ಹೆಚ್ಚು ಕಾಡುತ್ತದೆ. ಬೋಧನಾಭ್ಯಾಸದ ಕೊನೆಯ ದಿನ ಆ ಹುಡುಗಿ ತನ್ನ ಜಾವಾ ಪ್ರೋಗ್ರಾಂ ತೋರಿಸಿದಳು. ಬಬಲ್ ಸಾರ್ಟ್‌ನಲ್ಲಿ ಹೆಸರುಗಳನ್ನು ಅದಲುಬದಲು ಮಾಡುವ ಮೂರು ಸಾಲುಗಳ ಕೆಳಗೆ ಅಂಕಗಳನ್ನು ಅದಲುಬದಲು ಮಾಡುವ ಮೂರು ಸಾಲುಗಳೂ ಇದ್ದವು.